ಬಾಜಾ ಇಲ್ಲದ ಮದುವೆ

"ಅಕ್ಕಾರ, ಸ್ವಲ್ಪ ಮ್ಯಾಲ ನೋಡ್ರಿ."

ಪೆಂಡಾಲ್ ಹಾಕುವ ಮಾಬುಸಾಬರು ಟೇಪು ಹಿಡಿದು ನಮ್ಮ ಹೊಲ ಅಳೆಯುತ್ತಿದ್ದವರು ಒಮ್ಮೆಲೇ ನಿಂತುಬಿಟ್ಟಿದ್ದರು. ದನಿ ಪಿಸುಮಾತಿಗೆ ಇಳಿದಿತ್ತು. ನಾನು ತಲೆ ಎತ್ತಿದೆ. ಆಲದ ಮರದ ದಪ್ಪ ಕೊಂಬೆಗೆ ಯಾರೋ ಕರಿ ಕಂಬಳಿಯ ತುಂಡು ನೇತುಹಾಕಿದಂತೆ ಕಂಡಿತು. ನೋಡುತ್ತಿದ್ದಂತೆ ಆ ಕಂಬಳಿ ಮೇಲಿಂದ ಕೆಳಗಿನವರೆಗೆ ಒಮ್ಮೆ ಅಲುಗಿತು.

ಹೆಜ್ಜೇನು! ಒಂದಲ್ಲ, ನಾಲ್ಕು ಗೂಡು.

ಮಗಳ ಮದುವೆಗೆ ಹತ್ತೊಂಬತ್ತು ದಿನ ಉಳಿದಿತ್ತು. ನನ್ನ ಬ್ಯಾಗಿನಲ್ಲಿ ಲಗ್ನಪತ್ರಿಕೆಯ ಕಟ್ಟು. ಅದರಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು: ‘ಸ್ಥಳ: ನಮ್ಮ ಹೊಲ, ಆಲದ ಮರದ ಕೆಳಗೆ, ಗಜೇಂದ್ರಗಡ.’

(ಮೂರು ವಾರ ಈ ಅಂಕಣ ಯಾಕ್ರಿ ಬರೀಲಿಲ್ಲ ಎಂದು ಫೋನ್ ಮಾಡಿ ಕೇಳಿದವರಿಗೆಲ್ಲ ಇದೇ ನನ್ನ ಉತ್ತರ.)

ಹೊಲದಲ್ಲಿ ಮದುವೆ ಮಾಡುವ ಐಡಿಯಾ ನನ್ನದಲ್ಲ. ನಾನು ರೋಣದಲ್ಲಿ ಇಪ್ಪತ್ತಾರು ವರ್ಷದಿಂದ ಸಾಲಿ ಮಾಸ್ತರಿಕೆ ಮಾಡುವವಳು. ಮೇಲೊಂದು ಸೂರು, ನಾಲ್ಕು ಗೋಡೆ, ಒಂದು ಗಂಟೆ ಇದ್ದರೇ ನನಗೆ ಸಮಾಧಾನ. ಮಗಳು ಪಲ್ಲವಿ ಗಜೇಂದ್ರಗಡದ ದವಾಖಾನೆಯೊಂದರಲ್ಲಿ ನರ್ಸ್. ಹೋದ ವರ್ಷ ಅವಳ ಅಣ್ಣನ ಮದುವೆಯನ್ನು ಕಲ್ಯಾಣ ಮಂಟಪದಲ್ಲಿ ಮಾಡಿದ್ದೆವು. ಸ್ಟೇಜಿನ ತುಂಬ ಪ್ಲಾಸ್ಟಿಕ್ ಹೂವು. ತಾಳಿ ಕಟ್ಟುವಾಗ ನಾನು ನೋಡಿದ್ದು ಮಗನ ಮುಖವನ್ನಲ್ಲ, ಫೋಟೊಗ್ರಾಫರನ ಬೆನ್ನನ್ನು. ಅವತ್ತೇ ಪಲ್ಲವಿ ಹೇಳಿದ್ದಳು: "ಅವ್ವಾ, ನನ್ನ ಮದುವಿ ನಮ್ಮ ಹೊಲದಾಗ ಆಗ್ಲಿ. ಶಿವರಾತ್ರಿ ಮುಗದ ಮ್ಯಾಲ ಅಲ್ಲಿ ಎಷ್ಟ ಹೂವ ಇರ್ತಾವ ನೋಡೀಯೇನು?"

ನಿಜ ಹೇಳಬೇಕೆಂದರೆ, ನೋಡಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಎಷ್ಟು ಸಲ ಹೋಗಿದ್ದೇನೋ. ಕಡಲೆ ಎಷ್ಟು ಚೀಲ ಆದೀತು ಎಂದು ನೋಡಿದ್ದೆ, ಅಷ್ಟೇ. ಈ ಸಲ ಅವಳ ಜೊತೆ ಹೋಗಿ ನೋಡಿದೆ. ಗುಡ್ಡದ ಬುಡದ ಕೆಂಪು ಮಸಾರಿ ನೆಲದ ತುಂಬ ತಂಗಡಿ ಹೂವಿನ ಹಳದಿ. ಮೇಲುಗಡೆ ಎಲೆಯೇ ಇಲ್ಲದ ಮುತ್ತಲ ಗಿಡಗಳ ಕೆಂಡದಂಥ ಹೂವು. ಬದುವಿನ ಮೇಲೆ ಬಿಳಿ ತುಂಬೆ, ಅದರ ಪಕ್ಕ ಹೆಸರೇ ಗೊತ್ತಿಲ್ಲದ ಸಣ್ಣ ನೀಲಿ ಹೂವು. ಇದನ್ನೆಲ್ಲ ಯಾರೂ ಬಿತ್ತಿದ್ದಲ್ಲ, ನೀರು ಹಾಕಿ ಬೆಳೆಸಿದ್ದಲ್ಲ.

ಒಪ್ಪಿದೆ. ಒಪ್ಪಿದ ಮೇಲೆ ನಾನು ಮಾಸ್ತರಿಕೆ ಬಿಡುವವಳೇ? ಪಟ್ಟಿ ಮಾಡಿದೆ. ಬಿಸಿಲು ಏರುವ ಮೊದಲೇ ಮುಹೂರ್ತ. ನೀರಿನ ಟ್ಯಾಂಕರ್. ಮುದುಕರಿಗೆ ಕುರ್ಚಿ. ಹೆಂಗಸರಿಗೆ ಶೌಚಾಲಯ. ಗುಡ್ಡದ ಗಾಳಿಗೆ ಹಾರದಂಥ ಪೆಂಡಾಲ್. ಅಕಾಲದ ಮಳೆ ಬಂದರೆ ತಾಡಪಾಲು. ಎಲ್ಲ ಬರೆದೆ. ಹೂವು ಬಿಟ್ಟ ಕಡೆ ಜೇನು ಬರುತ್ತದೆ ಎಂದು ಮೂರನೇ ಕ್ಲಾಸಿನ ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುವವಳು, ಅದೊಂದನ್ನು ಬರೆಯಲಿಲ್ಲ.

ಮಾಬುಸಾಬರು ನನ್ನನ್ನು ಮರದಿಂದ ದೂರ ಕರೆದುಕೊಂಡು ಬಂದು ಹೇಳಿದರು: "ಪೆಂಡಾಲಕ್ಕ ಗೂಟಾ ಬಡೀಬೇಕ್ರಿ. ಆ ಸಪ್ಪಳಕ್ಕ ಎದ್ದುವಂದ್ರ ನಮ್ಮ ಹುಡುಗ್ರ ಗತಿ ಏನು? ಇನ್ನ ಒಲಿ ಹೊಗಿ, ಪಟಾಕಿ, ಬ್ಯಾಂಡು... ಅಬ್ಬಿಗೇರಿಯಾಗ ಒಮ್ಮೆ ನನಗ ಕಡದಿದ್ದುವು. ಎರಡ ದಿನ ಕಣ್ಣ ತೆರೀಲಿಕ್ಕಾಗಿದ್ದಿಲ್ಲ. ಈ ಗಿಡದ ಬುಡಕ್ಕ ನಾ ಹಾಕೂದಿಲ್ರಿ ಅಕ್ಕಾರ, ಬ್ಯಾರೆ ಕಡೆ ಹೇಳ್ರಿ, ಹಾಕ್ತೀನಿ."

ನಾನು ಏನು ಮಾಡಿದೆ ಗೊತ್ತೇ? ಮಗಳಿಗೆ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಪತ್ರಿಕೆಯಲ್ಲಿ ‘ಆಲದ ಮರದ ಕೆಳಗೆ’ ಎಂದು ಅಚ್ಚಾಗಿದೆ, ಅರ್ಧ ಊರಿಗೆ ಹಂಚಿ ಆಗಿದೆ. ಜೇನಿಗೋಸ್ಕರ ಜಾಗ ಬದಲಿಸಿದೆವು ಎಂದರೆ ಜನ ನಗುವುದಿಲ್ಲವೇ? ಅವರಿವರನ್ನು ಕೇಳಿ, ಗೂಡು ಸುಡುವ ಒಬ್ಬನ ನಂಬರ್ ಹುಡುಕಿದೆ. ಫೋನ್ ಮಾಡಿದೆ. ಬುಧವಾರ ಸಂಜೆ ಬಂದು ಪಂಜು ಹಚ್ಚಿ ಮುಗಿಸಿಕೊಡುತ್ತೇನೆ ಎಂದ. ಮಂಗಳವಾರ ಮುಂಜಾನೆ ಅವನೇ ತಿರುಗಿ ಫೋನ್ ಮಾಡಿದ. ನನ್ನ ಮೊಬೈಲು ಅಡಿಗೆಮನೆಯಲ್ಲಿ ಚಾರ್ಜಿಗಿತ್ತು. ಎತ್ತಿದವಳು ಪಲ್ಲವಿ.

ಸ್ನಾನ ಮುಗಿಸಿ ಬಂದಾಗ ಅವಳು ಒಲೆ ಆರಿಸಿ ಕಟ್ಟೆಗೆ ಒರಗಿ ನಿಂತಿದ್ದಳು.

"ಎಷ್ಟ ಗೂಡ ಅದಾವು ಅಂತ ಕೇಳಿದಾ ಅವಾ. ನನಗ ಗೊತ್ತಿಲ್ಲ ಅಂದೆ."

"ನಿನಗ ಯಾಕ ಚಿಂತಿ ಅಂತ ಹೇಳಲಿಲ್ಲವ್ವಾ..."

"ಸತ್ತ ಹುಳಾ ಬಳದು ಆ ಜಾಗಾದಾಗ ನನ್ನ ಮದುವಿ ಮಾಡಬೇಕಿತ್ತೇನು ಅವ್ವಾ?"

"ಹುಳಾನವ್ವಾ ಅವು. ಮಂದೀಗೆ ಕಡದ್ರ?"

"ಕಡೀತಾವ. ಅದಕ್ಕ ಮದುವಿ ಗಿಡದಿಂದ ದೂರ ಮಾಡೂಣು. ಆ ಗಿಡಾನ ಆಗ್ಬೇಕು ಅಂತ ನಾ ಅಂದಿದ್ನೇನು? ಪತ್ರಿಕ್ಯಾಗ ಬರಸಿದಾಕಿ ನೀನು." ಮೊಬೈಲು ನನ್ನ ಕೈಗೆ ಕೊಟ್ಟು ಹೇಳಿದಳು: "ನನಗ ಒಂದ ಮಾತ ಕೇಳಬೇಕಿತ್ತು."

ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಕೂಗಾಡಲಿಲ್ಲ. ಬ್ಯಾಗು ತೆಗೆದುಕೊಂಡು ಡ್ಯೂಟಿಗೆ ಹೋದಳು. ನಾನು ಅಡಿಗೆಮನೆಯಲ್ಲೇ ಕೂತೆ. ಸೀರೆಯ ಬಣ್ಣ ಯಾವುದು, ಊಟಕ್ಕೆ ಹೋಳಿಗೆಯೋ ಮಾದಲಿಯೋ, ಎಷ್ಟು ಜನರನ್ನು ಕರೆಯಬೇಕು, ಈ ಎಲ್ಲವನ್ನೂ ನಾನು ಅವಳಿಗೆ ‘ಹೇಳಿದ್ದೆ’. ಕೇಳಿದ್ದು ಯಾವಾಗ? ನೆನಪು ಮಾಡಿಕೊಳ್ಳಲು ನೋಡಿದೆ. ಒಂದೂ ಸಿಗಲಿಲ್ಲ. ಹುಡುಗನ ವಿಷಯದಲ್ಲಾದರೂ ಕೇಳಿದ್ದೆನೇ? ಹೌದು, ಕೇಳಿದ್ದೆ. ಅದೂ ಬೀಗರ ಮನೆಯ ಜಗಲಿಯ ಮೇಲೆ, ಎಲ್ಲರೂ ಚಹಾ ಕುಡಿಯುತ್ತ ಅವಳ ಬಾಯಿಯನ್ನೇ ನೋಡುತ್ತಿರುವಾಗ. (ಹುಡುಗ ಅವಳಿಗೆ ಮೊದಲೇ ಹಿಡಿಸಿದ್ದ ಎಂಬುದು ನನ್ನ ಪುಣ್ಯ.)

ಗೂಡು ಸುಡುವವನಿಗೆ ಬರಬೇಡ ಎಂದೆ.

ಮಾಬುಸಾಬರು ಮತ್ತೆ ಬಂದರು. ಈ ಸಲ ಪಲ್ಲವಿಯೂ ಜೊತೆಗಿದ್ದಳು. ಹೊಲದ ಆಚೆ ತುದಿಗೆ ಹೋದೆವು. ಅಲ್ಲಿಂದ ನೋಡಿದರೆ ಆಲದ ಮರ ಹೆಬ್ಬೆರಳಿನಷ್ಟು ಕಾಣುತ್ತದೆ. ಅವರು ಒಂದು ಚಿಟಿಕೆ ಮಣ್ಣು ಹಾರಿಸಿ ಗಾಳಿಯ ದಿಕ್ಕು ನೋಡಿದರು. "ಇಲ್ಲಿ ಹಾಕ್ತೀನ್ರಿ. ಗೂಟಾ ಬಡಿಯೂದಿಲ್ಲ, ಕಂಬಕ್ಕ ಉಸುಕಿನ ಚೀಲಾ ಕಟ್ತೀನಿ. ಆದ್ರ ಇಷ್ಟ ದೂರ ಆದ್ರೂ ಬ್ಯಾಂಡು, ಪಟಾಕಿ, ಹೊಗಿ, ಈ ಮೂರೂ ಬ್ಯಾಡ. ಅಡಿಗಿ ಊರಾಗ ಮಾಡಿ ಟ್ರ್ಯಾಕ್ಟರದಾಗ ತರ್ರಿ. ಸೆಂಟ್ ಹೊಡಕೊಂಡ ಬರಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳ್ರಿ."

ಸೆಂಟು, ಪಟಾಕಿ ಸರಿ. ಬ್ಯಾಂಡು ಇಲ್ಲ ಎಂದು ಬೀಗರಿಗೆ ಹೇಳುವವರು ಯಾರು?

ನಾನೇ. ನರಗುಂದಕ್ಕೆ ಹೋದೆವು, ನಾನು ಮತ್ತು ನಮ್ಮ ಮನೆಯವರು. ಬೀಗರು ಶಿವಣ್ಣನವರದು ಬಜಾರದಲ್ಲಿ ದೊಡ್ಡ ಕಿರಾಣಿ ಅಂಗಡಿ. ಒಬ್ಬನೇ ಮಗ. ಬ್ಯಾಂಡಿನವರನ್ನು ದೂರದಿಂದ ಕರೆಸುತ್ತಿದ್ದರು. ನಾನು ಜೇನಿನ ಕಥೆ ಹೇಳಿ ಮುಗಿಸಿದಾಗ ಅವರ ಮುಖ ಗಟ್ಟಿಯಾಯಿತು.

"ಬಾಜಾ ಇಲ್ದ ಮದುವಿ ಅಂದ್ರ ಏನ್ರಿ ಅಕ್ಕಾರ? ನಾಳೆ ಬಜಾರದಾಗ ನಾಲ್ಕ ಮಂದಿ ಏನಂದಾರು? ಹುಳಕ್ಕ ಅಂಜಿ ಸುಮ್ಮಕುಂತ್ರು ಅನ್ನೂದಿಲ್ಲೇನು?"

ನಮ್ಮ ಮನೆಯವರು ನೆಲ ನೋಡುತ್ತ ಕೂತರು. ಮದುವೆ ಇಲ್ಲಿಗೇ ನಿಂತುಹೋದೀತೇ ಎಂದುಕೊಂಡೆ. ಆಗ ಬಾಗಿಲಲ್ಲಿ ನಿಂತಿದ್ದ ಬೀಗತಿ ನೀಲಮ್ಮನವರು, ಅಲ್ಲಿಯವರೆಗೆ ಒಂದು ಮಾತೂ ಆಡದವರು, ಕೇಳಿದರು:

"ಬಾಜಾ ಇಲ್ಲಂದ್ರ ಮಾತ ಕೇಳಸ್ತಾವೇನ್ರಿ?"

ನನಗೆ ಅರ್ಥವಾಗಲಿಲ್ಲ. ಅವರು ಗಂಡನ ಕಡೆ ನೋಡದೆ ನನಗೇ ಹೇಳಿದರು: "ನಮ್ಮ ಹುಡುಗಿ ಮದುವ್ಯಾಗ, ಆಕೀನ್ನ ಕಳಸೂ ಹೊತ್ತಿನ್ಯಾಗ, ನನ್ನ ಕೊಳ್ಳಿಗಿ ಬಿದ್ದು ಏನೋ ಅಂದ್ಲ್ರಿ. ಬ್ಯಾಂಡಿನವ್ರು ಕಿವೀ ಹತ್ರ ಊದಾಕ ಹತ್ತಿದ್ರು. ಕೇಳಲಿಲ್ಲ. ಹ್ಞೂಂ ಹ್ಞೂಂ ಅಂದು ಕಳಿಸಿಬಿಟ್ಟೆ. ಆಮ್ಯಾಲ ಏನಂದಿದ್ದೆವ್ವಾ ಅಂದ್ರ, ಏನಿಲ್ಲ ಬಿಡಬೇ ಅಂತಾಳ. ಆರ ವರ್ಷ ಆತು. ಇನ್ನೂ ನೆನಪಾಗ್ತೈತಿ."

ಶಿವಣ್ಣನವರು ಹೆಂಡತಿಯನ್ನು ಮೊದಲ ಸಲ ನೋಡುವವರಂತೆ ನೋಡಿದರು. "ನನಗ ಹೇಳೇ ಇಲ್ಲಲ್ಲ," ಎಂದರು. "ನೀವು ಕೇಳಿಲ್ಲ," ಎಂದರು ಅವರು, ಒಳಗೆ ಹೋಗುತ್ತ.

ಬ್ಯಾಂಡು ಬರಲಿಲ್ಲ.

ಮದುವೆಯ ಮುಂಜಾನೆ ಮೊದಲ ಹತ್ತು ನಿಮಿಷ ನಿಜಕ್ಕೂ ಕಷ್ಟವಾಯಿತು. ಜನ ಬಂದರು, ಕೂತರು, ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಮದುವೆಗಳಲ್ಲಿ ಸದ್ದು ನಮ್ಮ ಪರವಾಗಿ ಎಲ್ಲ ಮಾಡುತ್ತದೆ. ನಗುವುದು, ಸಂತೋಷಪಡುವುದು, ಮಾತು ಸಾಲದಾದಾಗ ಮರೆಮಾಡುವುದು. ಅದಿಲ್ಲದಿದ್ದಾಗ ಮನುಷ್ಯ ಕೈ ಎಲ್ಲಿಡಬೇಕು? ಆಮೇಲೆ ಹಿಂದಿನ ಸಾಲಿನ ಒಬ್ಬ ಮುದುಕಿ ಪಕ್ಕದವಳಿಗೆ "ನಿನ್ನ ಮೊಣಕಾಲ ಹ್ಯಾಂಗ ಅದಾವ?" ಎಂದಳು. ಅದು ಇಡೀ ಪೆಂಡಾಲಿಗೆ ಕೇಳಿಸಿತು. ಜನ ನಕ್ಕರು. ಅಲ್ಲಿಂದ ಮಾತು ಶುರುವಾಯಿತು, ನಿಲ್ಲಲೇ ಇಲ್ಲ.

ಮದುವೆ ಮಾಡಿಸುವ ಅಯ್ಯನವರು ಹೇಳಿದ ಪ್ರತಿ ಮಾತೂ ಕೇಳಿಸಿತು. ತಾಳಿ ಕಟ್ಟುವಾಗ ಅವರೇ ಕೈ ಎತ್ತಿ ಸನ್ನೆ ಮಾಡಿದರು, ಅಕ್ಷತೆ ಬಿತ್ತು. ಪಲ್ಲವಿಯ ಕೂದಲಲ್ಲಿ ತಂಗಡಿ ಹೂವಿತ್ತು, ಅವಳೇ ಕಿತ್ತು ಮುಡಿದದ್ದು. ಮಧ್ಯಾಹ್ನದ ಹೊತ್ತಿಗೆ ಬಾಡಿತು. ಊಟದ ಹೊತ್ತಿಗೆ ಬಿಸಿಲು ಸುಡುತ್ತಿತ್ತು, ಟ್ರ್ಯಾಕ್ಟರಿನಲ್ಲಿ ಬಂದ ಸಾರು ಅರ್ಧ ಚೆಲ್ಲಿತ್ತು. "ಮದುವಿ ಭಾಳ ಸಪ್ಪಗಾತು" ಎಂದು ನನ್ನ ನಾದಿನಿಯ ಗಂಡ ಕೈ ತೊಳೆಯುತ್ತ ಹೇಳಿದ್ದೂ ಸ್ಪಷ್ಟವಾಗಿ ಕೇಳಿಸಿತು. ಇರಲಿ.

ಕಳಿಸುವ ಹೊತ್ತು ಬಂತು. ಪಲ್ಲವಿ ನನ್ನ ಕೊರಳಿಗೆ ಬಿದ್ದಳು. ನೀಲಮ್ಮನವರು ಎರಡು ಹೆಜ್ಜೆ ಹಿಂದೆ ಸರಿದು, ಬೇಕಂತಲೇ ಬೇರೆ ಕಡೆ ನೋಡುತ್ತ ನಿಂತರು.

"ಅವ್ವಾ, ನಿನ್ನ ಬಿ.ಪಿ. ಗುಳಿಗಿ ನಾಳೆಗೆ ಮುಗೀತಾವ. ಮರೀಬ್ಯಾಡ, ತರಸ್ಕೋ."

ಅಷ್ಟೇ. ಕೇಳಿಸದೇ ಹೋಗಿದ್ದರೆ ಏನೂ ಮುಳುಗುತ್ತಿರಲಿಲ್ಲ. ಡಬ್ಬಿ ಖಾಲಿಯಾದದ್ದು ಮರುದಿನ ನನಗೇ ಕಾಣುತ್ತಿತ್ತು. ಆದರೂ ಆ ಒಂದು ಸಾಲಿಗಾಗಿ ಎಷ್ಟು ಬ್ಯಾಂಡುಗಳನ್ನಾದರೂ ಬಿಟ್ಟೇನು ಎಂದು ಈಗ ಅನ್ನಿಸುತ್ತದೆ. "ಕೇಳದೇ ಮಾಡಿದೆನವ್ವಾ, ತಪ್ಪಾತು," ಎಂದೆ ನಾನು. ಹದಿನೆಂಟು ದಿನದಿಂದ ಗಂಟಲಲ್ಲಿದ್ದ ಮಾತು. ಅವಳು ನನ್ನ ಬೆನ್ನು ತಟ್ಟಿದಳು, ಪೇಷಂಟುಗಳಿಗೆ ತಟ್ಟುವ ಹಾಗೆ.

ಮೊನ್ನೆ ಅಬ್ಬಿಗೇರಿಯಿಂದ ದೂರದ ಸಂಬಂಧಿಯೊಬ್ಬರು ಫೋನ್ ಮಾಡಿದ್ದರು. ಫೋಟೊ ನೋಡಿದರಂತೆ, ಹೂವು, ಗುಡ್ಡ, ಬಿಳಿ ಪೆಂಡಾಲ್ ಎಲ್ಲ ಬಹಳ ಹಿಡಿಸಿತಂತೆ. "ನಮ್ಮ ಹುಡುಗಿ ಮದುವೀನೂ ಹಿಂಗ ಹೊಲದಾಗ ಮಾಡೂದಂತ ನಿರ್ಧಾರ ಮಾಡೇನ್ರಿ ಅಕ್ಕಾರ. ಆ ಪೆಂಡಾಲದವ್ರ ನಂಬರ್ ಕೊಡ್ರಿ."

"ಹುಡುಗಿ ಏನಂತಾಳ್ರಿ?" ಎಂದೆ.

"ಆಕೀಗಿನ್ನೂ ಹೇಳಿಲ್ಲ."

ಮಾಬುಸಾಬರ ನಂಬರ್ ಆಮೇಲೆ ಕೊಡ್ತೀನಿ, ಮೊದಲು ನಿಮ್ಮ ಮಗಳ ನಂಬರ್ ಕೊಡ್ರಿ ಎಂದೆ.