ಲಿಫ್ಟ್ ಹತ್ತಿದ ಇಟಲಿಯ ಬುಟ್ಟಿ

ತಿಳಿನೀಲಿ ಪ್ಲಾಸ್ಟಿಕ್ ಬುಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿಡುವಂಥದ್ದು. ಒಂದು ಹಿಡಿ ಮುರಿದಿದ್ದ ಜಾಗಕ್ಕೆ ಹಳೆಯ ದುಪಟ್ಟಾದ ಅಂಚು ಕಟ್ಟಿದ್ದೆ. ಅದರೊಳಗೆ ನನ್ನ ಹಳೆಯ ಫೋನನ್ನು ರೆಕಾರ್ಡಿಂಗಿಗೆ ಹಾಕಿ ಕರವಸ್ತ್ರದ ಮೇಲೆ ಮಲಗಿಸಿ, ‘ಟೆರೇಸಿನ ಬಗ್ಗೆ ಮಾತಾಡಿ, ಮುಂದಿನ ಮಹಡಿಗೆ ಕಳಿಸಿ’ ಎಂದು ಚೀಟಿ ಅಂಟಿಸಿ, ದೋಹಾದ ಅಲ್ ಗರಾಫಾ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟಿನಲ್ಲಿಟ್ಟು ಗುಂಡಿ ಒತ್ತಿ, ಬಾಗಿಲು ಮುಚ್ಚುವ ಮೊದಲೇ ಕಳ್ಳಿಯ ಹಾಗೆ ಮನೆಯೊಳಗೆ ಓಡಿಬಂದೆ. ಚಳವಳಿಯೊಂದನ್ನು ಶುರುಮಾಡಿದ ಮರುಕ್ಷಣವೇ ಚಿಲಕ ಹಾಕಿಕೊಂಡವರು ಇಟಲಿಯಲ್ಲಿ ಯಾರೂ ಇರಲಿಕ್ಕಿಲ್ಲ.

ಇಟಲಿಯ ಮಾತು ಯಾಕೆ ಬಂತೆಂದರೆ, ಆ ವಿಷಯದಲ್ಲಿ ನಾನು ಪಂಡಿತೆ. ಮೈಸೂರಿನಲ್ಲಿ ಎಂ.ಎ. ಓದುವಾಗ ಅಲ್ಲಿನ ಬೀದಿಯ ಚಳವಳಿಗಳ ಬಗ್ಗೆ, ಅಡುಗೆಮನೆಯಿಂದ ಪ್ರಸಾರವಾಗುತ್ತಿದ್ದ ರೇಡಿಯೋಗಳ ಬಗ್ಗೆ, ಒಂದೇ ಓಣಿಗೆ ಕಾಣಿಸುವ ಪುಟ್ಟ ಟೀವಿಗಳ ಬಗ್ಗೆ ದಪ್ಪನೆಯ ಪ್ರಬಂಧ ಬರೆದಿದ್ದೇನೆ. ಇಟಲಿಯನ್ನು ನೋಡಿಲ್ಲ, ಭಾಷೆಯೂ ಬಾರದು, ಎಲ್ಲವೂ ಲೈಬ್ರರಿಯ ಫ್ಯಾನಿನ ಕೆಳಗೆ ಕೂತು ಇಂಗ್ಲಿಷಿನಿಂದ ಎತ್ತಿದ್ದು. ‘ನಾಯಕರಿಲ್ಲದ ಚಳವಳಿ’ ಎಂಬುದು ಅದರಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ. ಯಾರೂ ಮುಂದೆ ನಿಲ್ಲಬೇಕಾಗಿಲ್ಲ ಎಂಬ ಸಂಗತಿ ನನ್ನಂಥ ಸಂಕೋಚದವಳಿಗೆ ಎಷ್ಟು ಹಿತವೆಂದು ನೀವೇ ಊಹಿಸಿಕೊಳ್ಳಿ.

ಇಲ್ಲಿ ಆದದ್ದು ಇಷ್ಟು. ಯಾರದೋ ಮಕ್ಕಳು ನೀರಿನ ಟ್ಯಾಂಕಿನ ವಾಲ್ವ್ ತಿರುಗಿಸಿದ್ದರು. ಕೇರ್‌ಟೇಕರ್ ಅಶ್ರಫ್ ಭಾಯ್ ‘ಖಲಾಸ್’ ಎಂದು ಟೆರೇಸಿಗೆ ಬೀಗ ಜಡಿದುಬಿಟ್ಟರು. ಮಿಕ್ಕವರಿಗೆ ಬಟ್ಟೆ ಒಣಹಾಕುವ ಜಾಗ ಹೋಯಿತು, ಅಷ್ಟೇ. ನನ್ನ ಎದುರು ಮನೆಯ ಜುಬೈದಕ್ಕನ ಅತ್ತೆಗೆ, ನಾವೆಲ್ಲ ಉಮ್ಮ ಎಂದು ಕರೆಯುವ ಮುದುಕಿಗೆ, ಲೋಕವೇ ಹೋಯಿತು. ಅವರ ಮಗನಿಗೆ, ಅಂದರೆ ಜುಬೈದಕ್ಕನ ಗಂಡನಿಗೆ, ದೂರದ ರಾಸ್ ಲಫಾನ್‌ನ ಗ್ಯಾಸ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಕಂಪನಿಯ ಬಸ್ಸು ಅವನನ್ನು ಇಳಿಸುವುದು ಟೆರೇಸಿನಿಂದ ಮಾತ್ರ ಕಾಣುತ್ತದೆ. ಮನೆಯ ಕಿಟಕಿಗಳೆಲ್ಲ ಪಕ್ಕದ ಕಟ್ಟಡದ ಗೋಡೆಗೆ ಮುಖಮಾಡಿವೆ. ಬಸ್ಸು ಕಾಣದಾದ ಮೇಲೆ ಉಮ್ಮ ಊಟದ ತಟ್ಟೆಯನ್ನೂ ಪಕ್ಕಕ್ಕೆ ಸರಿಸತೊಡಗಿದ್ದರು.

“ಎಂತ ಮಾರಾಯ್ತಿ, ಇಷ್ಟೆಲ್ಲ ಓದಿದ್ದಿ, ಆ ಅಶ್ರಫನಿಗೆ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ ನಿನಗೆ?” ಎಂದರು ಜುಬೈದಕ್ಕ.

“ನೀವೇ ಹೇಳಿ ಅಕ್ಕ.”

“ನಾನು ಹೇಳಿ ಹೇಳಿ, ಈಗ ನನ್ನ ಸ್ವರ ಕೇಳಿದ್ರೇ ಅವನ ಕಿವಿ ಕೆಪ್ಪಾಗ್ತದೆ.”

ಪಕ್ಕದ ಮೆಟ್ಟಿಲಿಳಿದು ಅಶ್ರಫ್ ಭಾಯ್ ಜೊತೆ ಎರಡು ಮಾತಾಡುವ ಬದಲು ನಾನು ಇಟಲಿಗೆ ಹೋದೆ. ಅಂದರೆ, ಆಫೀಸಿನಲ್ಲಿ ಎರಡು ಮೇಜು ಆಚೆ ಕೂರುವ, ನೇಪಲ್ಸ್ ಕಡೆಯ ಹಿರಿಯ ಸಹೋದ್ಯೋಗಿ ಪಾವೊಲಾ ಬಳಿಗೆ. ಅವರ ಹರೆಯದಲ್ಲಿ ಬೀದಿಯ ರೇಡಿಯೋದವರು ರೆಕಾರ್ಡರನ್ನು ಬುಟ್ಟಿಯಲ್ಲಿ ಇಡುತ್ತಿದ್ದರಂತೆ. ತರಕಾರಿಗೆಂದು ಬಾಲ್ಕನಿಯಿಂದ ಬುಟ್ಟಿ ಇಳಿಬಿಡುವ ಆ ಊರಿನ ಹೆಂಗಸರು ಹಗ್ಗ ಜಗ್ಗಿ ಅದನ್ನು ಮೇಲಕ್ಕೆಳೆದುಕೊಂಡು, ಬಾರದ ನೀರನ್ನೋ ಬಾಡಿಗೆ ಏರಿಸಿದ ಮಾಲೀಕನನ್ನೋ ಮನಸಾರೆ ಬೈದು, ಮತ್ತೆ ಕೆಳಗಿಳಿಸುತ್ತಿದ್ದರಂತೆ.

“ನಿನ್ನ ಪ್ರಬಂಧದಲ್ಲಿ ಇದು ಇದೆಯಲ್ಲ?” ಎಂದು ಪಾವೊಲಾ ಕೇಳಿದರು.

“ಇಲ್ಲ.”

“ಹಾಗಾದರೆ ಅದರಲ್ಲಿ ಇರುವುದಾದರೂ ಏನು?”

ಹೀಗೆ ನೇಪಲ್ಸಿನ ಹಗ್ಗದ ಜಾಗಕ್ಕೆ ದೋಹಾದ ಲಿಫ್ಟು ಬಂತು. ಆರಂಭದಲ್ಲಿ ನನ್ನದೇ ಪೀಠಿಕೆ: ‘ಆತ್ಮೀಯ ನಿವಾಸಿಗಳೇ...’ ಹೆಸರು ಹೇಳಲಿಲ್ಲ, ‘ನಿಮ್ಮಲ್ಲೊಬ್ಬಳು’ ಅಂದೆ. ವಿನಯವೆಂದು ಕೇಳಿದವರು ತಿಳಿಯಲಿ ಎಂಬ ಆಸೆ. ಬುಟ್ಟಿ ಒಂದು ಸುತ್ತು ಹೋಗಿ ಬಂತು. ಜುಬೈದಕ್ಕ ಅಶ್ರಫ್ ಭಾಯ್‌ಗೆ ಮಂಗಳಾರತಿ ಎತ್ತಿದ್ದರು. ಉಮ್ಮ ತಮ್ಮ ಬ್ಯಾರಿ ಭಾಷೆಯಲ್ಲಿ ಏನೇನೋ ಮೆಲ್ಲಗೆ, ನಿಲ್ಲಿಸಿ ನಿಲ್ಲಿಸಿ ಹೇಳಿದ್ದರು. ಮೈಸೂರಿನ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಉದ್ದವಾಯಿತು, ಅಸ್ಪಷ್ಟವಾಗಿದೆ, ಕತ್ತರಿಸಬೇಕು ಎಂದು ತೀರ್ಮಾನಿಸಿದೆ. ಜನರ ದನಿಯ ಬಗ್ಗೆ ಪುಟಗಟ್ಟಲೆ ಬರೆದವಳಿಗೆ ಮೊದಲು ಹೊಳೆದದ್ದು ಕತ್ತರಿ! ಮಿಕ್ಕ ಮಹಡಿಗಳವರ ಮಾತೂ ಸೇರಲೆಂದು ಬುಟ್ಟಿಯನ್ನು ಇನ್ನೊಮ್ಮೆ ಕಳಿಸಿದೆ. ಅದು ಹಿಂತಿರುಗಲಿಲ್ಲ.

ಮರುದಿನ ಸಂಜೆ ಬೆಲ್ ಆಯಿತು. ಬುಟ್ಟಿ ಹಿಡಿದು ನಿಂತವರು ಅಶ್ರಫ್ ಭಾಯ್. ಯಾರೋ ಮರೆತು ಬಿಟ್ಟ ಫೋನೆಂದು ಒಯ್ದು, ಯಾರದೆಂದು ತಿಳಿಯಲು ಅದನ್ನು ಪೂರ್ತಿ ಕೇಳಿದ್ದರು.

“ಇದು ನಿಮ್ಮದೇ, ಮೇಡಂ,” ಎಂದರು ಹಿಂದಿಯಲ್ಲಿ. “ಈ ಬಿಲ್ಡಿಂಗಿನಲ್ಲಿ ನ್ಯೂಸ್ ಓದಿದ ಹಾಗೆ ಮಾತಾಡುವವರು ಬೇರೆ ಯಾರಿದ್ದಾರೆ?”

ಕೈಚಾಚಿ ಬುಟ್ಟಿ ತೆಗೆದುಕೊಂಡೆ. ಅವರು ಮಲಯಾಳಿ, ಕನ್ನಡದ ಬೈಗುಳ ಅವರಿಗೆ ಅರ್ಥವಾಗಿರಲಿಲ್ಲ, ಮಲಯಾಳಕ್ಕೆ ಹತ್ತಿರದ ಉಮ್ಮನ ಬ್ಯಾರಿ ಬಹುಪಾಲು ಅರ್ಥವಾಗಿತ್ತು.

“ಆ ಉಮ್ಮ ನನ್ನನ್ನು ಬೈಯಲೇ ಇಲ್ಲ. ಮಗ ಬಸ್ಸಿನಿಂದ ಇಳಿದು ಒಮ್ಮೆ ಮೇಲೆ ನೋಡುತ್ತಾನಂತೆ. ಈಗ ನೋಡಿದರೆ ನಾನಿರುವುದಿಲ್ಲವಲ್ಲ, ಅಂತಾರೆ.” ಜೇಬಿನಿಂದ ಕೀಗೊಂಚಲು ತೆಗೆದರು. “ಕೀ ಕೊಡುತ್ತೇನೆ. ಆದರೆ ಒಬ್ಬರ ಹೆಸರಿನಲ್ಲಿ. ನಾಳೆ ಟ್ಯಾಂಕಿಗೆ ಏನಾದರೂ ಆದರೆ ಓನರ್ ಕೇಳುವುದು ಒಂದೇ ಹೆಸರು.”

“ನಾವೆಲ್ಲ ಸೇರಿ, ಸಾಮೂಹಿಕವಾಗಿ...” ಎಂದು ತೊದಲಿದೆ.

“ಸಾಮೂಹಿಕ ಅನ್ನುವವರು ಯಾವ ಫ್ಲ್ಯಾಟು, ಮೇಡಂ?”

ನಾಳೆ ತಿಳಿಸುತ್ತೇನೆಂದು ಬಾಗಿಲು ಹಾಕಿಕೊಂಡೆ. ನನ್ನ ಆ ಮೆಚ್ಚಿನ ಅಧ್ಯಾಯ ನೆನಪಾಯಿತು. ನಾಯಕರಿಲ್ಲದ ಚಳವಳಿ, ಸರಿ; ಆದರೆ ಆ ಓಣಿಯಲ್ಲೂ ಮಾಲೀಕ ಬಾಗಿಲು ಬಡಿದು ‘ಯಾರದಿದು?’ ಎಂದಾಗ, ಒಬ್ಬಳಾದರೂ ಕೈ ಒರೆಸಿಕೊಂಡು ಹೊರಗೆ ಬಂದು ‘ನನ್ನದು’ ಅಂದಿರಬೇಕು. ಅವಳು ನನ್ನ ಅಡಿಟಿಪ್ಪಣಿಯಲ್ಲೂ ಇಲ್ಲ. ನಾನು ಬರೆದದ್ದು ಅವಳ ಚಳವಳಿಯ ಕಥೆಯಲ್ಲ, ನನ್ನ ಅಂಜಿಕೆಗೆ ಹೊಲಿಸಿದ ಚೆಂದದ ಅಂಗಿ.

ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಕೆಳಗೆ ಹೋಗಿ, ತಂದೆಯ ಹೆಸರೂ ಸೇರಿದ ನನ್ನ ಪೂರ್ತಿ ಹೆಸರು, ಫ್ಲ್ಯಾಟಿನ ನಂಬರು ಹೇಳಿ, ಕೀ ತೆಗೆದುಕೊಂಡೆ. ರಾತ್ರಿ ಪಾಳಿಯ ಬಸ್ಸು ಬರುವ ಹೊತ್ತಾಗಿತ್ತು. ಜುಬೈದಕ್ಕನ ಬೆಲ್ ಒತ್ತಿದೆ. ಕೊನೆಯ ಮೆಟ್ಟಿಲುಗಳನ್ನು ಉಮ್ಮ ನಮ್ಮಿಬ್ಬರ ತೋಳು ಹಿಡಿದು ಹತ್ತಿದರು. ಬೀಗ ತೆಗೆದೆ. ಧೂಳು ಕವಿದ ಟೆರೇಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಉಮ್ಮ ಏನೋ ಅಂದರು. ಕೃತಜ್ಞತೆಯಿರಬೇಕೆಂದು ನಾನು ಮುಖವನ್ನು ವಿನಯಕ್ಕೆ ಸಿದ್ಧಮಾಡಿಕೊಂಡೆ.

“ಕುರ್ಚಿ ಎಲ್ಲಿ, ಬಸ್ಸು ಬರುವವರೆಗೆ ನಿಂತೇ ಇರುದಾ ಅಂತ ಕೇಳ್ತಾರೆ,” ಎಂದರು ಜುಬೈದಕ್ಕ.

ನಾನು ಕುರ್ಚಿ ತರಲು ಕೆಳಗಿಳಿದೆ.