ಸದ್ದು ಕಳೆದುಕೊಂಡ ಗಾಲಿ

ಮಕ್ಕಳೇ, ಇವತ್ತು ನಮ್ಮ ಮನೆ ಮುಂದೆ ದೋಣಿ ಸಾಗಿಸುವ ಟ್ರೇಲರ್‌ಗೆ ಹೊಸ ಬೇರಿಂಗ್ ಹಾಕುತ್ತಿದ್ದರು. ಗ್ರೀಸಿನ ವಾಸನೆಗೆ ಅಪ್ಪನ ಚಕ್ಕಡಿ ನೆನಪಾಯಿತು.

ನನ್ನ ಬಾಲ್ಯದಲ್ಲಿ ಒಂದು ದಿನ ಕಂಪ್ಲಿಯಲ್ಲಿ ಹೊಳೆ ಏರುತ್ತಿತ್ತು. ಅಜ್ಜಿಯ ಕಿರಿಮಗ, ನಮ್ಮ ಚಿಕ್ಕಪ್ಪ, ನಡುಗಡ್ಡೆಯಲ್ಲಿ ಸಿಕ್ಕಿಬಿದ್ದಿದ್ದ. ಅವನನ್ನು ಕರೆತರಲು ಹರಿಗೋಲು ಹೇರಿಕೊಂಡು ಹೊರಟ ಚಕ್ಕಡಿ ಬಡಗಿಯ ಮನೆ ಹತ್ತಿರವೇ ವಾಲಿತು; ಗಾಲಿಯೊಳಗಿನ ಕಬ್ಬಿಣದ ಬಳೆ ಸವೆದಿತ್ತು. ಬಡಗಿ ಹೊಸ ಬಳೆ ಕೂರಿಸಿ ಕೀಲೆಣ್ಣೆ ಬಳಿದ. ಆದರೂ ಎತ್ತುಗಳು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟವು. ಅಪ್ಪ ಬಾರುಕೋಲು ಎತ್ತಿದ.

"ಹೊಡೀಬ್ಯಾಡಲೇ!" ಅಜ್ಜಿ ಗದರಿದಳು. "ಹಳೇ ಗಾಲಿ ಖಣಖಣ ಅಂತಿತ್ತು. ಈಗ ಸದ್ದಿಲ್ಲ, ಗಾಡಿ ಇನ್ನಾ ಹೊಂಟಿಲ್ಲ ಅನ್ಕೊಂಡಾವು."

ಆಕೆ ಚಕ್ಕಡಿ ಹತ್ತಿ, ಸವೆದ ಬಳೆಯನ್ನು ಕಲ್ಲಿನಿಂದ ಬಡಿಯತೊಡಗಿದಳು. ಎತ್ತುಗಳು ನಡೆದವು. ಹೊಳೆ ಮುಟ್ಟುವವರೆಗೂ ಆಕೆಯ ಕೈ ನಿಲ್ಲಲಿಲ್ಲ. ಹರಿಗೋಲು ನಡುಗಡ್ಡೆ ಮುಟ್ಟಿದಾಗ ನೀರು ಚಿಕ್ಕಪ್ಪನ ಎದೆಗೆ ಬಂದಿತ್ತು; ಅವನನ್ನು ಹತ್ತಿಸಿಕೊಂಡು ದಡ ಸೇರಿಸಿದರು.

ಇವತ್ತು ಟ್ರೇಲರ್ ಸದ್ದಿಲ್ಲದೆ ಹೊರಟಿತು. ನನ್ನ ಬೆರಳು ಮಾತ್ರ ಕುರ್ಚಿಯ ಕೈ ಬಡಿಯುತ್ತಲೇ ಇತ್ತು.