ಓದದೆ ಸಹಿ ಹಾಕದ ಲಾರಿ ಡ್ರೈವರ್

ಬೆಳಗಿನ ಐದೂಮುಕ್ಕಾಲು. ಸೇತುವೆ ದಾಟಿದ ಕೂಡಲೇ ಸಿಗುವ ತಿರುವಿನಲ್ಲಿ ಪೊಲೀಸರ ಕೈ ಮೇಲೇಳುತ್ತದೆ. ಹದಿನಾಲ್ಕು ಚಕ್ರದ ಲಾರಿ ಉಸ್ಸೆಂದು ಗಾಳಿ ಬಿಟ್ಟು ರಸ್ತೆಯಂಚಿಗೆ ನಿಲ್ಲುತ್ತದೆ. ಬೇರೆ ಡ್ರೈವರಾಗಿದ್ದರೆ ಇಷ್ಟು ಹೊತ್ತಿಗೆ ಕೆಳಗೆ ಹಾರಿ, ಕಾಗದಪತ್ರದ ಚೀಲ ಹಿಡಿದು, ಹಲ್ಲು ಕಿರಿಯುತ್ತಾ ಜೀಪಿನತ್ತ ಓಡಿರುತ್ತಿದ್ದ. ಇವರು ಎಂಜಿನ್ ಆರಿಸುತ್ತಾರೆ. ಅಂಗಿ ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಮೂಗಿಗೇರಿಸಿಕೊಳ್ಳುತ್ತಾರೆ. ಆಮೇಲೆ ನಿಧಾನವಾಗಿ ಇಳಿಯುತ್ತಾರೆ.

ಇನ್‌ಸ್ಪೆಕ್ಟರಿಗೆ ಲಾರಿಯ ಸುತ್ತ ಒಂದು ಸುತ್ತು ಬರುವ ಪುರುಸೊತ್ತೂ ಇಲ್ಲ. ಜೀಪಿನ ಬಾನೆಟ್ ಮೇಲೆ ತಪಾಸಣೆ ಹಾಳೆ ಇಟ್ಟುಕೊಂಡು, ಒಂಬತ್ತು ಸಾಲಿಗೂ ಒಂದೇ ಉಸಿರಿನಲ್ಲಿ ‘ಸರಿಯಿದೆ’ ಎಂದು ಗೀಚಿ ಪೆನ್ನು ಚಾಚುತ್ತಾರೆ.

“ಹಾಕು ಸಹಿ. ಹೊರಡು.”

ಅವರು ಹಾಳೆಯ ಮೇಲೆ ಬೆರಳಾಡಿಸುತ್ತಾ ಓದುತ್ತಾರೆ. ಬೆರಳು ಏಳನೇ ಸಾಲಿನಲ್ಲಿ ನಿಲ್ಲುತ್ತದೆ.

“ಸಾರ್, ಬ್ರೇಕ್ ಸರಿಯಿದೆ ಅಂತ ಬರ್ದಿದ್ದೀರ. ನೀವು ನೋಡೇ ಇಲ್ವಲ್ಲ?”

“ಸರಿಯಿದೆ ಅಂತ ಬರೆದ್ರೂ ತಕರಾರಾ ನಿಂದು? ಕೆಟ್ಟಿದೆ ಅಂತ ಬರೀಲಾ ಹಾಗಾದ್ರೆ?”

“ನೋಡಿ ಏನ್ ಬೇಕಾದ್ರೂ ಬರೀರಿ ಸಾರ್. ನೋಡದೆ ಬರೆದ್ರೆ ನಾನು ಸಹಿ ಹಾಕಲ್ಲ.”

ಹಿಂದೆ ನಿಂತ ಐದು ಲಾರಿಗಳು ಹಾರನ್ ಬಾರಿಸತೊಡಗುತ್ತವೆ. “ಕನ್ನಡಕದಣ್ಣಾ, ನಿನ್ನ ಪಾರಾಯಣ ಸಾಕು ಮಾಡೋ, ನಮ್ಗೂ ಹೆಂಡ್ತಿ ಮಕ್ಳಿದಾರೆ!” ಎಂದು ಯಾರೋ ಕೂಗುತ್ತಾರೆ. ಅಣ್ಣ ತಿರುಗಿಯೂ ನೋಡುವುದಿಲ್ಲ.

ಲಾರಿ ಸ್ಟ್ಯಾಂಡಿನಲ್ಲಿ ಅವರನ್ನು ಕರೆಯುವುದೇ ಹಾಗೆ, ಕನ್ನಡಕದಣ್ಣ. ವಯಸ್ಸು ಐವತ್ತಾರು, ಸ್ಟೇರಿಂಗ್ ಹಿಡಿದು ಇಪ್ಪತ್ತೊಂಬತ್ತು ವರ್ಷ. ಈಗ ಅವರ ಎದುರಿಗಿರುವ ಪ್ರಶ್ನೆ ಬ್ರೇಕಿನದಷ್ಟೇ ಅಲ್ಲ. ಹಿಂದೆ ಹೇರಿರುವುದು ನೆಲಕ್ಕೆ ಹಾಸುವ ಟೈಲ್ಸು. ಎಂಟು ಗಂಟೆಯೊಳಗೆ ಗೋದಾಮಿನ ಗೇಟು ಮುಟ್ಟಬೇಕು. ತಪ್ಪಿದರೆ ಸರಕು ಇಳಿಯುವುದು ಮರುದಿನವೇ. ಹೋದ ತಿಂಗಳು ಎರಡು ಸಲ ಹೀಗೇ ತಪ್ಪಿದೆ. ನಿನ್ನೆ ಸಂಜೆ ಓನರು ಖಡಾಖಂಡಿತ ಹೇಳಿದ್ದಾರೆ: “ಇನ್ನೊಂದು ಸಲ ಗೇಟ್ ತಪ್ಪಿದ್ರೆ ಕೀಲಿ ತಂದು ಮೇಜಿನ ಮೇಲಿಟ್ಟು ಹೋಗು.” ಈ ವಯಸ್ಸಿನಲ್ಲಿ, ಅದೂ ಪೊಲೀಸರ ಜೊತೆ ವಾದ ಮಾಡುವವನೆಂಬ ಹೆಸರು ಹೊತ್ತವರನ್ನು ಬೇರೆ ಓನರು ಯಾರೂ ಹತ್ತಿರ ಸೇರಿಸುವುದಿಲ್ಲ. ಅದು ಅವರಿಗೂ ಚೆನ್ನಾಗಿ ಗೊತ್ತು.

ಕೊನೆಗೆ ಇನ್‌ಸ್ಪೆಕ್ಟರು ತಲೆ ಚಚ್ಚಿಕೊಂಡು ಪೇದೆಯೊಬ್ಬರನ್ನು ಟಾರ್ಚು ಕೊಟ್ಟು ಲಾರಿಯಡಿಗೆ ಕಳಿಸುತ್ತಾರೆ. ಅಣ್ಣ ಮೇಲೆ ಹತ್ತಿ ಪೆಡಲಿನ ಮೇಲೆ ಕಾಲಿಡುತ್ತಾರೆ. “ಒತ್ತು!” “ಬಿಡು!” “ಮತ್ತೆ ಒತ್ತು!” ಒಂದೊಂದು ಚಕ್ರದ ಹತ್ತಿರವೂ ಇದೇ ಮಂತ್ರ. ಪೇದೆ ಎಣ್ಣೆ ಮೆತ್ತಿದ ಮೊಣಕೈ ಒರೆಸಿಕೊಳ್ಳುತ್ತಾ ಹೊರಬಂದು ಹೇಳುತ್ತಾರೆ: “ಎಲ್ಲಾ ನೆಟ್ಟಗಿದೆ ಸಾರ್. ಸುಮ್ನೆ ಗೋಳು.”

ಅಣ್ಣ ಸಹಿ ಹಾಕಿ, ತಮ್ಮ ಪಾಲಿನ ಪ್ರತಿ ಕೇಳಿ ಪಡೆದು, ನಾಲ್ಕಾಗಿ ಮಡಚಿಕೊಳ್ಳುತ್ತಾರೆ. ಗಂಟೆ ಆರೂವರೆ ದಾಟಿದೆ.

ಗೇರು ಬದಲಿಸುತ್ತಾ, ಪಕ್ಕದ ಸೀಟಿನಲ್ಲಿ ಕೂತ ಪತ್ರಿಕೆಯವರಿಗೆ ಲೆಕ್ಕ ಒಪ್ಪಿಸುವುದೆಂದರೆ ಅವರಿಗೆ ಇಷ್ಟ. ತಿಂಗಳಿಗೆ ಮೂರೋ ನಾಲ್ಕೋ ತಪಾಸಣೆ. ಉಳಿದ ಡ್ರೈವರುಗಳು ನಾಲ್ಕು ನಿಮಿಷದಲ್ಲಿ ಮುಗಿಸಿಕೊಂಡು ಹೊರಟರೆ ಇವರಿಗೆ, ಇವತ್ತಿನಂಥ ದಿನ ಬಿಟ್ಟು, ಹದಿನೇಳು ನಿಮಿಷ ಬೇಕು. ಮನೆಯ ಅಲಮಾರಿನಲ್ಲಿ, ಸೀರೆಗಳ ಕೆಳಗೆ, ಮುನ್ನೂರ ಎಂಬತ್ತು ಚಿಲ್ಲರೆ ತಪಾಸಣೆ ಹಾಳೆಗಳಿವೆ. ಹೆಂಡತಿ ಎರಡು ಸಲ ರದ್ದಿಗೆ ಹಾಕಲು ತೆಗೆದು, ಎರಡು ಸಲವೂ ಬೈಸಿಕೊಂಡಿದ್ದಾರೆ.

ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಅವರು ಹೇಳಿಕೊಡುವ ಪಾಠ ದೊಡ್ಡದೇನಲ್ಲ. ಯಾಕೆ ನಿಲ್ಲಿಸಿದಿರಿ ಎಂದು ಮರ್ಯಾದೆಯಿಂದ ಕೇಳು. ಎದೆಯ ಮೇಲಿನ ಹೆಸರು ನೋಡಿಟ್ಟುಕೋ. ಹಾಳೆಯ ತುದಿಯಲ್ಲಿ ‘ಓದಿ ತಿಳಿದು ಸಹಿ ಮಾಡಿದ್ದೇನೆ’ ಎಂದು ಅಚ್ಚಾಗಿದೆ, ಅದನ್ನು ಸುಳ್ಳು ಮಾಡಬೇಡ. ಒಪ್ಪಿಗೆಯಿಲ್ಲದಿದ್ದರೆ ಪಕ್ಕದಲ್ಲಿ ಬರೆ, ಬರೆಯಲು ಜಾಗವಿದೆ. “ನಮ್ಮೋರಿಗೆ ಕೈ ತೋರಿಸಿದ ತಕ್ಷಣ ಕಿವಿ ಮುಚ್ಚಿಹೋಗುತ್ತೆ,” ಎನ್ನುತ್ತಾರೆ. “‘ಹೋಗು’ ಅನ್ನೋ ಮಾತೊಂದು ಬಿಟ್ಟು ಬೇರೇನೂ ಒಳಗೆ ಇಳಿಯಲ್ಲ. ಆಯ್ತು ಸಾರ್, ಆಯ್ತು ಸಾರ್ ಅಂತಲೇ ಇರ್ತೀವಿ. ಏನು ಆಯ್ತೋ ದೇವರಿಗೇ ಗೊತ್ತು.”

ಈ ಪಾಠಕ್ಕಾಗಿಯೇ ಸ್ಟ್ಯಾಂಡಿನವರು ಪತ್ರಿಕೆಗೆ ಫೋನು ಮಾಡಿ, ನಮ್ಮಣ್ಣನ ಬಗ್ಗೆ ಬರೆಯಿರಿ ಎಂದು ದುಂಬಾಲು ಬಿದ್ದದ್ದು. ಪಾಠದ ಹಿಂದಿನ ಕಥೆ ಅಲ್ಲಿ ಎಲ್ಲರಿಗೂ ಬಾಯಿಪಾಠ. ಒಂಬತ್ತು ವರ್ಷದ ಹಿಂದೆ ಅಣ್ಣ ಮತ್ತು ಅವರ ಭಾಮೈದ, ಎಂದರೆ ಹೆಂಡತಿಯ ತಮ್ಮ, ಒಂದೇ ಲಾರಿಗೆ ಜೋಡಿ ಡ್ರೈವರುಗಳು. ಒಂದು ಮಧ್ಯಾಹ್ನ ತಪಾಸಣೆ ಮುಗಿಸಿ ಸ್ಟೇರಿಂಗನ್ನು ಭಾಮೈದನಿಗೆ ಕೊಟ್ಟು ಅಣ್ಣ ಸೀಟಿನ ಹಿಂದೆ ಮಲಗಿದರು. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಅಣ್ಣನ ಭುಜದ ಮೂಳೆ ಮುರಿಯಿತು. ಭಾಮೈದ ಸ್ಥಳದಲ್ಲೇ ಹೋದರು. ಹಿಂದಿನ ಬ್ರೇಕು ಸರಿಯಿಲ್ಲ, ಮುಂದಿನ ಗ್ಯಾರೇಜಿನಲ್ಲೇ ನಿಲ್ಲಿಸಿ ರಿಪೇರಿ ಮಾಡಿಸಬೇಕು ಎಂದು ಬರೆದ ಹಾಳೆಯೊಂದು ಅಣ್ಣನ ಸಹಿಯ ಸಮೇತ ಕೋರ್ಟಿಗೆ ಬಂತು. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ಆಮೇಲೆ ಬರೆದಿದ್ದಾರೆ ಎಂದು ಅಣ್ಣ ಕಟಕಟೆಯಲ್ಲಿ ಹೇಳಿದರು. ಕೋರ್ಟು ನಂಬಿತು. ಅಂದಿನಿಂದ ಅಣ್ಣ ಓದದೆ ಸಹಿ ಹಾಕುವುದಿಲ್ಲ. ಕಥೆ ಇಷ್ಟು. ಇದನ್ನು ಸ್ಟ್ಯಾಂಡಿನವರು ಹೇಳುವಾಗ ಅಣ್ಣ ಎದ್ದು ಟೈರು ನೋಡಲು ಹೋಗಿಬಿಡುತ್ತಾರೆ.

ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಲಾರಿ ಗೋದಾಮು ಮುಟ್ಟುತ್ತದೆ. ಗೇಟು ಹಾಕಿಯಾಗಿದೆ. ಕಾವಲುಗಾರ ಬೇಸರದಿಂದ ಕೈಯಾಡಿಸುತ್ತಾನೆ: “ನಾಳೆ ಬಾರಣ್ಣ.” ಅಣ್ಣ ಓನರಿಗೆ ತಾವೇ ಫೋನು ಮಾಡಿ ತಿಳಿಸುತ್ತಾರೆ. ಆ ಕಡೆಯ ಮಾತು ಮುಗಿಯಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ.

ಶನಿವಾರ ಕೀಲಿ ಮೇಜಿನ ಮೇಲೆ ಕೂರುತ್ತದೆ. ಅವರು ಲಾರಿಯಿಂದ ಇಳಿಸಿಕೊಂಡದ್ದು ಒಂದು ಕಂಬಳಿ, ಒಂದು ಸ್ಟೀಲ್ ಲೋಟ, ಒಂದು ಜೊತೆ ಚಪ್ಪಲಿ.

ಭಾನುವಾರ ಮನೆ. ಒಂದು ಕೋಣೆ, ಒಂದು ಅಡಿಗೆಮನೆ, ನಡುವೆ ಬಾಗಿಲಿಲ್ಲದ ಚೌಕಟ್ಟು. ಅದರಾಚೆ ಹೆಂಡತಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಾರೆ. ಗೋಡೆಯ ಮೇಲೆ ಅವರ ತಮ್ಮನ ಫೋಟೋ ಇದೆ, ದುಂಡು ಮುಖ, ನಗು ತಡೆದುಕೊಂಡ ತುಟಿ. ಪತ್ರಿಕೆಯವರು ಕೊನೆಯ ಮಾತಿಗೆಂದು, ನಿಮ್ಮದೇನಾದರೂ ಆಸೆ ಇದೆಯೇ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಎಂದು ಕೇಳಿದ್ದು.

“ಅವತ್ತು, ಒಂಬತ್ತು ವರ್ಷದ ಹಿಂದೆ, ಆ ಇನ್‌ಸ್ಪೆಕ್ಟರು ಲಾರಿ ಕೆಳಗೆ ತಾವೇ ತೂರಿದ್ರು,” ಎಂದು ಅಣ್ಣ ಶುರು ಮಾಡುತ್ತಾರೆ. “ಬಟ್ಟೆಯೆಲ್ಲಾ ಮಣ್ಣು. ಎದ್ದು ಬಂದು, ಹಿಂದಿನ ಬ್ರೇಕ್ ಹೋಗಿದೆ, ಮುಂದಿನ ಗ್ಯಾರೇಜಲ್ಲೇ ನಿಲ್ಸು ಅಂದ್ರು. ಹಾಗೇ ಹಾಳೇಲೂ ಬರೆದ್ರು. ಆಯ್ತು ಸಾರ್ ಅಂದೆ. ಸಹಿ ಹಾಕ್ದೆ. ಓದೋಕೆ ಬರ್ತಿತ್ತು ನಂಗೆ. ಓದ್ಲಿಲ್ಲ. ಕಿವಿಗೆ ಬಿದ್ದದ್ದನ್ನೂ ಕೇಳಿಸ್ಕೊಳ್ಳಲಿಲ್ಲ.”

ಅಡಿಗೆಮನೆಯ ಸದ್ದು ನಿಲ್ಲುತ್ತದೆ.

“ಖಾಲಿ ಹಾಳೆ ಅಂತ ಹೇಳ್ಕೊಟ್ಟಿದ್ದು ಓನರ ವಕೀಲರು. ಪೊಲೀಸ್ರ ಮೇಲೆ ಏನ್ ಹೇಳಿದ್ರೂ ಜನ ನಂಬ್ತಾರೆ ಅಂದ್ರು. ನಂಬಿದ್ರು. ಹೇಳಿದ್ದಕ್ಕೇ ಓನರು ನನ್ನ ಕೈಗೆ ಮತ್ತೆ ಲಾರಿ ಕೊಟ್ಟಿದ್ದು. ಆ ಇನ್‌ಸ್ಪೆಕ್ಟರಿಗೆ ಬಡ್ತಿ ತಪ್ತು. ಯಾವುದೋ ಉಗ್ರಾಣದ ಕಾವಲಿಗೆ ಹಾಕಿದ್ರು, ಅಲ್ಲೇ ನಿವೃತ್ತಿ ಆಯ್ತಂತೆ. ಲಾರಿ ಕೈಯಲ್ಲಿರೋವರೆಗೂ ಬಾಯಿ ಬಿಡೋಕಾಗ್ಲಿಲ್ಲ. ಈಗ ಕೀಲಿ ಕೊಟ್ಟಾಯ್ತಲ್ಲ.”

ಹಕ್ಕಿನ ಪಾಠ ಹೇಳುವ ಧೀರನೊಬ್ಬನ ಕಥೆ ಬರೆಯಲು ಬಂದವರ ಕೈಯಲ್ಲಿ ಈಗ ಬೇರೆಯೇ ಕಥೆಯಿದೆ. ಇದು ಹೊಗಳಲಿಕ್ಕೂ ಬಾರದು, ತೆಗಳಲಿಕ್ಕೂ ಬಾರದು.

ಹೆಂಡತಿ ಚೌಕಟ್ಟಿಗೆ ಬಂದು ನಿಲ್ಲುತ್ತಾರೆ. ಒಂಬತ್ತು ವರ್ಷ ಪೊಲೀಸರಿಗೆ ಶಾಪ ಹಾಕಿದ ಹೆಂಗಸು. ಕೈಗೆ ಅಂಟಿದ ಬೆಳ್ಳುಳ್ಳಿ ಸಿಪ್ಪೆಯನ್ನು ಒಂದೊಂದಾಗಿ ಬಿಡಿಸುತ್ತಾರೆ.

“ಅವನಿಗೆ ಗೊತ್ತಿತ್ತಾ?” ಎನ್ನುತ್ತಾರೆ. “ಬ್ರೇಕ್ ಹೋಗಿದೆ ಅಂತ, ನನ್ನ ತಮ್ಮನಿಗೆ ಗೊತ್ತಿತ್ತಾ?”

“ಇಲ್ಲ ಕಣೇ. ‘ಏನಂದ್ರು ಭಾವ?’ ಅಂತ ಕೇಳ್ದ. ಏನಿಲ್ಲ ನಡಿ ಅಂದೆ.”

ಆಕೆ ಒಳಗೆ ಹೋಗುತ್ತಾರೆ. ಬೆಳ್ಳುಳ್ಳಿ ಬಿಡಿಸುವ ಸದ್ದು ಮತ್ತೆ ಬರುವುದಿಲ್ಲ, ಅಳುವ ಸದ್ದೂ ಬರುವುದಿಲ್ಲ. ಅಣ್ಣ ಆ ಚೌಕಟ್ಟನ್ನೇ ನೋಡುತ್ತಾ ಕಾಯುತ್ತಾರೆ. ಆಮೇಲೆ ಪತ್ರಿಕೆಯವರ ಕಡೆ ತಿರುಗುತ್ತಾರೆ.

“ನನ್ನ ವಿಷ್ಯ ಏನೂ ಬರೀದಿದ್ರೂ ನಡೆಯುತ್ತೆ. ಆ ಇನ್‌ಸ್ಪೆಕ್ಟರು ನಿಮ್ಮ ಪೇಪರ್ ಓದ್ತಾರೋ ಇಲ್ವೋ ಗೊತ್ತಿಲ್ಲ. ಇದೊಂದು ಬರೀರಿ. ಆ ಹಾಳೆ ಖಾಲಿ ಇರ್ಲಿಲ್ಲ.”